ಇಲಿ ಎಣಿಸಿದರೆ ಹವಳದ ಲೆಕ್ಕ ಸಿಗುತ್ತದಾ?

ಪ್ರಶ್ನೆ: ದೂರದ ಹವಳ ದ್ವೀಪಗಳಿಗೆ ವಿಜ್ಞಾನಿಗಳು ಹಡಗಿನಲ್ಲಿ ಹೋಗಿ, ಎರಡು-ಮೂರು ವಾರ ಸಮೀಕ್ಷೆ ಮಾಡಿ ಬರುವ ಸಾಕ್ಷ್ಯಚಿತ್ರಗಳನ್ನು ನೋಡಿದ್ದೇನೆ. ಅಷ್ಟು ಕಡಿಮೆ ದಿನದಲ್ಲಿ ನಿಜವಾಗಿ ಏನು ತಿಳಿಯುತ್ತದೆ? ನಿಲ್ಲದೆ ಓಡಾಡುವ ಮೀನನ್ನು ಹೇಗೆ ಎಣಿಸುತ್ತಾರೆ? ಹವಳ ನೋಡಲು ಹೋದವರು ದ್ವೀಪದ ಮೇಲೆ ಹಕ್ಕಿ, ಇಲಿ ಅಂತ ಯಾಕೆ ಅಲೆಯುತ್ತಾರೆ? ಉಪಗ್ರಹಗಳಿರುವಾಗ ಇದೆಲ್ಲ ಬೇಕಾ? ಡೈವಿಂಗ್ ಕಲಿತಿರುವ ನನ್ನಂಥವರು ಇದರಲ್ಲಿ ಸೇರಬಹುದಾ?

ಉತ್ತರ:

ಇಲಿಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ. ಹಕ್ಕಿ, ಇಲಿಗಳ ಲೆಕ್ಕವನ್ನು ತುಂಬ ಜನ ಪಕ್ಕದ ಕೆಲಸ ಅಂದುಕೊಳ್ಳುತ್ತಾರೆ. ಹೇಗೂ ಹಡಗು ಬಂದಿದೆ, ಒಬ್ಬಿಬ್ಬರು ದಡದ ಮೇಲೂ ಓಡಾಡಲಿ ಬಿಡಿ ಅನ್ನುವ ಹಾಗೆ. ಹಾಗಲ್ಲ. ಸಣ್ಣ ದ್ವೀಪಗಳಲ್ಲಿ ನೀರಿನೊಳಗೆ ಏನು ನಡೆಯುತ್ತಿದೆ ಅನ್ನುವುದಕ್ಕೆ ಅರ್ಧ ಉತ್ತರ ದಡದ ಮೇಲೆಯೇ ಇರುತ್ತದೆ.

ಹಿಂದೂ ಮಹಾಸಾಗರದ ನಡುವೆ ಚಾಗೋಸ್ ಅಂತ ಒಂದು ದ್ವೀಪಸಮೂಹ ಇದೆ. ಅಲ್ಲಿನ ಕೆಲವು ದ್ವೀಪಗಳಿಗೆ ಹಿಂದಿನ ಶತಮಾನಗಳಲ್ಲಿ ಹಡಗುಗಳ ಜೊತೆ ಇಲಿಗಳು ಬಂದಿಳಿದವು. ಇನ್ನು ಕೆಲವಕ್ಕೆ ಬರಲೇ ಇಲ್ಲ. ಸಮುದ್ರ ಒಂದೇ, ಹವಾಮಾನ ಒಂದೇ, ದ್ವೀಪಗಳೂ ಅಕ್ಕಪಕ್ಕದವೇ. ಬೇಕೆಂದು ಹೊರಟರೂ ಯಾರಿಗೂ ಇಂಥ ಪ್ರಯೋಗ ಹೂಡಲು ಆಗುವುದಿಲ್ಲ. ಹವಳ ವಿಜ್ಞಾನಿ ನಿಕ್ ಗ್ರಹಾಂ ಮತ್ತು ಜೊತೆಗಾರರು ಇಲಿ ಇರುವ ಆರು ದ್ವೀಪ, ಇಲಿ ಇಲ್ಲದ ಆರು ದ್ವೀಪಗಳನ್ನು ಹೋಲಿಸಿ 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಲಿ ಇಲ್ಲದ ಕಡೆ ಕಡಲ ಹಕ್ಕಿಗಳ ದಟ್ಟಣೆ 760 ಪಟ್ಟು ಜಾಸ್ತಿ ಇತ್ತು. ಶೇಕಡಾ ಅಲ್ಲ, ಪಟ್ಟು. ಇಲಿ ಮೊಟ್ಟೆಯನ್ನೂ ಮರಿಯನ್ನೂ ತಿನ್ನುತ್ತದೆ. ನೆಲದಲ್ಲಿ ಗೂಡು ಮಾಡುವ ಹಕ್ಕಿಗೆ ಅದನ್ನು ಎದುರಿಸುವುದು ಗೊತ್ತೇ ಇಲ್ಲ. ಸಾವಿರಾರು ವರ್ಷ ಅಂಥ ಶತ್ರುವೇ ಇಲ್ಲದ ಜಾಗದಲ್ಲಿ ಬೆಳೆದ ಜಾತಿ ಅದು.

ಹಕ್ಕಿ ಹೋದರೆ ಹವಳಕ್ಕೇನು? ಈ ಹಕ್ಕಿಗಳು ದ್ವೀಪದ ಹತ್ತಿರ ಮೀನು ಹಿಡಿಯುವುದಿಲ್ಲ. ಹತ್ತಾರು, ಕೆಲವೊಮ್ಮೆ ನೂರಾರು ಕಿಲೋಮೀಟರ್ ದೂರ ತೆರೆದ ಸಮುದ್ರಕ್ಕೆ ಹೋಗಿ ತಿಂದು, ರಾತ್ರಿ ದ್ವೀಪಕ್ಕೆ ಬಂದು ಹಿಕ್ಕೆ ಹಾಕುತ್ತವೆ. ಹವಳದ ಸುತ್ತಲಿನ ನೀರು ಸಾಮಾನ್ಯವಾಗಿ ಪೋಷಕಾಂಶಗಳಿಲ್ಲದ ಬಡ ನೀರು. ಅಲ್ಲಿಗೆ ಹೊರಗಿನಿಂದ ಗೊಬ್ಬರ ಹೊತ್ತು ತರುವ ಕೆಲಸವನ್ನು ಹಕ್ಕಿಗಳು ಪುಕ್ಕಟೆಯಾಗಿ ಮಾಡುತ್ತವೆ. ಮಳೆ ಬಂದಾಗ ಅದು ತೊಳೆದು ಸಮುದ್ರಕ್ಕೆ ಇಳಿಯುತ್ತದೆ. ಇದೇನು ಊಹೆಯಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಭಾರದ ನೈಟ್ರೋಜನ್, ಅಂದರೆ ನೈಟ್ರೋಜನ್-15, ಜಾಸ್ತಿ ಇರುತ್ತದೆ. ಅದರ ಗುರುತು ಹಿಡಿದು ಹೋದರೆ ಮೊದಲು ಮಣ್ಣಿನಲ್ಲಿ, ಆಮೇಲೆ ಗಿಡದ ಎಲೆಯಲ್ಲಿ, ಆಮೇಲೆ ದಡದಾಚೆಯ ಪಾಚಿ ಮತ್ತು ಸ್ಪಂಜುಗಳಲ್ಲಿ, ಕೊನೆಗೆ ಆ ಪಾಚಿ ತಿನ್ನುವ ಪುಟ್ಟ ಡ್ಯಾಮ್ಸೆಲ್ ಮೀನಿನ ಮಾಂಸದಲ್ಲೂ ಅದೇ ಸಿಗುತ್ತದೆ. ಇಲಿ ಇಲ್ಲದ ದ್ವೀಪಗಳ ಬಳಿ ಆ ಮೀನು ಬೇಗ ಬೆಳೆಯುತ್ತಿತ್ತು. ಒಟ್ಟು ಮೀನಿನ ತೂಕ ಸುಮಾರು ಶೇಕಡಾ 48ರಷ್ಟು ಹೆಚ್ಚಿತ್ತು. ಇಲಿ ಎಣಿಸದೆ ಬರೀ ಮೀನು ಎಣಿಸಿದ್ದರೆ, ಈ ದ್ವೀಪದ ಬಳಿ ಮೀನು ಜಾಸ್ತಿ, ಆ ದ್ವೀಪದ ಬಳಿ ಕಡಿಮೆ ಅಂತ ಬರೆದುಕೊಂಡು ವಾಪಸ್ ಬರಬೇಕಿತ್ತು, ಕಾರಣ ಮಾತ್ರ ಯಾರಿಗೂ ಹೊಳೆಯುತ್ತಿರಲಿಲ್ಲ.

ಹಾಗಂತ ಹಕ್ಕಿ ಇದ್ದರೆ ಹವಳಕ್ಕೆ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. 2015-16ರಲ್ಲಿ ಸಮುದ್ರ ಬಿಸಿಯಾದಾಗ ಚಾಗೋಸ್‌ನಲ್ಲಿ ಎರಡೂ ಬಗೆಯ ದ್ವೀಪಗಳ ಹವಳ ಸತ್ತಿತು. ಬಿಸಿಗೆ ಹಿಕ್ಕೆ ಮದ್ದಲ್ಲ. ವ್ಯತ್ಯಾಸ ಕಂಡದ್ದು ಆಮೇಲೆ. ಹಕ್ಕಿಗಳಿರುವ ದ್ವೀಪಗಳ ಬಳಿ ಸುಣ್ಣ ಕಟ್ಟುವ ಗುಲಾಬಿ ಬಣ್ಣದ ಗಟ್ಟಿ ಪಾಚಿ ಜಾಸ್ತಿ ಹರಡಿತು. ಹವಳದ ಮರಿಗಳು ಕೂರಲು ಇಷ್ಟಪಡುವುದು ಇಂಥ ಪಾಚಿಯ ಮೇಲೆ.

ಇನ್ನೊಂದು ಉದಾಹರಣೆ ಪೆಸಿಫಿಕ್‌ನ ಪಾಲ್ಮೈರಾ ಅಟಾಲ್ (ಅಟಾಲ್ ಅಂದರೆ ಉಂಗುರದ ಆಕಾರದ ಹವಳ ದ್ವೀಪ). ಅಲ್ಲಿ 2011ರಲ್ಲಿ ಇಲಿಗಳನ್ನು ಪೂರ್ತಿ ತೆಗೆದರು. ಅದಕ್ಕೂ ಕೆಲವು ವರ್ಷ ಮೊದಲು ಒಂದು ಪ್ರಯತ್ನ ವಿಫಲವಾಗಿತ್ತು. ನೆಲದ ಏಡಿಗಳು ಇಲಿಗೆ ಇಟ್ಟ ವಿಷವನ್ನು ತಾವೇ ತಿಂದು ಮುಗಿಸುತ್ತಿದ್ದದ್ದು ಒಂದು ದೊಡ್ಡ ತಲೆನೋವು. ಏಡಿಗೆ ಆ ವಿಷ ತಾಗುವುದಿಲ್ಲ, ಇಲಿಗೆ ಏನೂ ಉಳಿಯುವುದಿಲ್ಲ. ಎರಡನೇ ಸಲ ಏಡಿಗಳ ಪಾಲನ್ನೂ ಲೆಕ್ಕ ಹಾಕಿ ವಿಷ ಹಾಕಬೇಕಾಯಿತು. ಇಲಿ ಹೋದ ಮೇಲೆ ಮರದ ಸಸಿಗಳು ಎದ್ದವು. ಯಾರೂ ನಿರೀಕ್ಷಿಸದ ಒಂದು ಸಂಗತಿಯೂ ನಡೆಯಿತು: ಅಲ್ಲಿನ ಏಷ್ಯನ್ ಟೈಗರ್ ಸೊಳ್ಳೆ ಕಾಣೆಯಾಯಿತು. ಆ ಸೊಳ್ಳೆ ಮುಖ್ಯವಾಗಿ ಇಲಿಯ ರಕ್ತ ಕುಡಿದೇ ಬದುಕಿತ್ತಂತೆ. ಆಮೇಲೆ ಹೋದ ಸಂಶೋಧಕರ ಖುಷಿ ಎಷ್ಟಿತ್ತು ಅಂತ ನೀವೇ ಊಹಿಸಿ.

ದಡದ ತಂಡದ ಕೆಲಸ ಸುಲಭವೇನಲ್ಲ. ಮರದ ಮೇಲೆ ಗೂಡು ಮಾಡುವ ಬೂಬಿ ಹಕ್ಕಿಗಳನ್ನು ಗೂಡು ನೋಡಿ ಎಣಿಸಬಹುದು. ನೆಲದಲ್ಲಿ ಬಿಲ ತೋಡುವ ಶಿಯರ್‌ವಾಟರ್ ಅನ್ನುವ ಕಡಲ ಹಕ್ಕಿಗಳನ್ನು ಹಾಗೆ ಎಣಿಸಲಾಗದು, ಬಿಲದಲ್ಲಿ ಹಕ್ಕಿ ಇದೆಯೋ ಖಾಲಿಯೋ ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಬಿಲದ ಬಾಯಲ್ಲಿ ಅದೇ ಜಾತಿಯ ಕೂಗಿನ ರೆಕಾರ್ಡಿಂಗ್ ಹಾಕುತ್ತಾರೆ. ಒಳಗಿದ್ದ ಹಕ್ಕಿ ಉತ್ತರ ಕೊಟ್ಟರೆ ಒಂದು ಲೆಕ್ಕ. ಎಲ್ಲ ಹಕ್ಕಿಯೂ ಉತ್ತರ ಕೊಡುವುದಿಲ್ಲ, ಅದಕ್ಕೇ ಹಕ್ಕಿ ಇದೆ ಅಂತ ಖಚಿತವಾಗಿ ಗೊತ್ತಿರುವ ಬಿಲಗಳಲ್ಲಿ ನೂರಕ್ಕೆ ಎಷ್ಟು ಉತ್ತರ ಬರುತ್ತದೆ ಅಂತ ಮೊದಲೇ ನೋಡಿಕೊಂಡು ಲೆಕ್ಕ ಸರಿಪಡಿಸುತ್ತಾರೆ. ಬೆಳಗಾಗುವ ಮೊದಲು ಕಡಲಾಮೆಗಳ ಹೆಜ್ಜೆ ಜಾಡು ನೋಡಲು ಮರಳಿನ ಮೇಲೆ ನಡೆಯಬೇಕು. ಹಸಿರು ಕಡಲಾಮೆ ಎರಡು ಮುಂಗಾಲನ್ನೂ ಒಟ್ಟಿಗೆ ಎಳೆದುಕೊಂಡು ಹೋಗುತ್ತದೆ, ಜಾಡು ಎರಡೂ ಬದಿ ಸಮವಾಗಿರುತ್ತದೆ. ಹಾಕ್ಸ್‌ಬಿಲ್ ಆಮೆ ಕಾಲನ್ನು ಒಂದಾದ ಮೇಲೊಂದು ಹಾಕುತ್ತದೆ. ಆಮೆಯನ್ನು ನೋಡದೆಯೇ ಜಾತಿ ಹೇಳಬಹುದು. ಮೊಟ್ಟೆ ಇಟ್ಟಿತೋ ಅಥವಾ ಸುಮ್ನೆ ಬಂದು ವಾಪಸ್ ಹೋಯಿತೋ ಅನ್ನುವುದನ್ನೂ ಮರಳು ಕೆದರಿದ ರೀತಿ ನೋಡಿ ಬಹುಪಾಲು ಹೇಳಬಹುದು. ಮಳೆ ಬಂದರೆ ಅಥವಾ ಅಲೆ ದಡ ಏರಿದರೆ ಮಾತ್ರ ಆ ದಿನದ ಲೆಕ್ಕ ಹೋಯಿತು ಅಂತಲೇ.

ಈಗ ಮೀನಿನ ವಿಷಯ. ನಿಲ್ಲದ ಮೀನನ್ನು ಎಣಿಸುವುದು ಹೇಗೆ ಅನ್ನುವುದು ನಿಜಕ್ಕೂ ಸರಿಯಾದ ಅನುಮಾನ.

ಸಾಮಾನ್ಯ ವಿಧಾನ ಹೀಗಿದೆ. ಒಂದು ಆಳ ಗೊತ್ತು ಮಾಡಿಕೊಂಡು, ಉದಾಹರಣೆಗೆ ಹತ್ತು ಮೀಟರ್, ಹವಳದ ಉದ್ದಕ್ಕೆ 50 ಮೀಟರ್ ಟೇಪು ಹಾಸುತ್ತಾರೆ. ಟೇಪಿನ ಆಚೀಚೆ ಇಷ್ಟು ಮೀಟರ್ ಅಗಲ ಅಂತ ಮನಸ್ಸಿನಲ್ಲೇ ಒಂದು ಪಟ್ಟಿ. ಅದರೊಳಗೆ ಬಂದ ಮೀನು ಮಾತ್ರ ಲೆಕ್ಕಕ್ಕೆ. ದೊಡ್ಡ, ಅಂಜುಬುರುಕ, ವೇಗದ ಮೀನುಗಳನ್ನು ಟೇಪು ಬಿಚ್ಚುತ್ತಾ ಹೋಗುವಾಗಲೇ ಎಣಿಸಬೇಕು, ಯಾಕೆಂದರೆ ವಾಪಸ್ ಬರುವಷ್ಟರಲ್ಲಿ ಅವು ಇರುವುದಿಲ್ಲ. ಸಣ್ಣ ಮೀನುಗಳಿಗೆ ಪಟ್ಟಿಯ ಅಗಲ ಕಡಿಮೆ ಮಾಡಿ, ವಾಪಸ್ ಬರುವಾಗ ನಿಧಾನವಾಗಿ ಎಣಿಸುತ್ತಾರೆ. ನಡೆಯುವ ವೇಗ, ಅಂದರೆ ಈಜುವ ವೇಗ, ಎಲ್ಲರದೂ ಒಂದೇ ಇರಬೇಕು. ನಿಧಾನ ಹೋದಷ್ಟೂ ಹೊಸ ಮೀನುಗಳು ಪಟ್ಟಿಯೊಳಗೆ ಈಜಿಕೊಂಡು ಬರುತ್ತವೆ, ಲೆಕ್ಕ ಉಬ್ಬುತ್ತದೆ.

ಸಂಖ್ಯೆಗಿಂತ ಕಷ್ಟದ ಕೆಲಸ ಉದ್ದ ಅಂದಾಜು ಮಾಡುವುದು. ನಮಗೆ ಬೇಕಾಗಿರುವುದು ಕೊನೆಗೆ ಮೀನಿನ ತೂಕ, ಇಷ್ಟು ಜಾಗದಲ್ಲಿ ಇಷ್ಟು ಕಿಲೋ ಅಂತ. ಮೀನನ್ನು ಹಿಡಿದು ತೂಗುವ ಹಾಗಿಲ್ಲ. ಉದ್ದದಿಂದ ತೂಕ ಲೆಕ್ಕ ಹಾಕುತ್ತಾರೆ, ಮತ್ತು ತೂಕ ಹೆಚ್ಚುಕಡಿಮೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಉದ್ದದಲ್ಲಿ ಶೇಕಡಾ 10 ಜಾಸ್ತಿ ಅಂದಾಜು ಮಾಡಿದರೆ ತೂಕದಲ್ಲಿ ಶೇಕಡಾ 33 ಜಾಸ್ತಿ ಬರುತ್ತದೆ. ಸಾಲದ್ದಕ್ಕೆ ಡೈವಿಂಗ್ ಮಾಸ್ಕಿನ ಮೂಲಕ ನೀರಿನಲ್ಲಿ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ಹಾಗೆ. ಅದಕ್ಕೇ ಸಮೀಕ್ಷೆ ಶುರುವಾಗುವ ಮೊದಲು ಬೇರೆ ಬೇರೆ ಉದ್ದದ ಪೈಪಿನ ತುಂಡುಗಳನ್ನು ನೀರಿನಲ್ಲಿ ತೂಗುಹಾಕಿ, ನೋಡಿ ಉದ್ದ ಹೇಳುವ ಅಭ್ಯಾಸ ಮಾಡಿಸುತ್ತಾರೆ. ಎಷ್ಟೇ ಅನುಭವ ಇದ್ದರೂ ಪ್ರತಿ ಯಾತ್ರೆಯಲ್ಲೂ ಇದನ್ನು ಮತ್ತೆ ಮಾಡಬೇಕು. ನನಗೆ ಕೇಳಿದರೆ, ಒಂದು ತಂಡ ಗಂಭೀರವಾಗಿದೆಯೋ ಇಲ್ಲವೋ ಅನ್ನುವುದು ಮೊದಲ ಎರಡು ದಿನದಲ್ಲೇ ಗೊತ್ತಾಗುತ್ತದೆ. ಒಳ್ಳೆಯ ತಂಡ ಆ ಎರಡು ದಿನ ಪೈಪು ನೋಡುತ್ತಾ ಕೂತಿರುತ್ತದೆ. ಸಾಕ್ಷ್ಯಚಿತ್ರದವರು ಅದನ್ನು ತೋರಿಸುವುದಿಲ್ಲ, ಪಾಪ, ತೋರಿಸಿದರೆ ಯಾರು ನೋಡುತ್ತಾರೆ.

ಇಷ್ಟು ಎಚ್ಚರ ವಹಿಸಿದರೂ ಲೆಕ್ಕ ತಪ್ಪಬಹುದು ಅನ್ನುವುದಕ್ಕೆ ಶಾರ್ಕ್‌ಗಳ ಕಥೆ ಹೇಳಬೇಕು. 2005ರಲ್ಲಿ ಒಂದು ತಂಡ ಪೆಸಿಫಿಕ್‌ನ ಲೈನ್ ದ್ವೀಪಗಳಿಗೆ ಹೋಯಿತು. ಜನರೇ ಇಲ್ಲದ ಕಿಂಗ್‌ಮನ್‌ನಿಂದ ಹಿಡಿದು ಜನ ಜಾಸ್ತಿ ಇರುವ ಕಿರಿಟಿಮಾಟಿಯವರೆಗೆ ನಾಲ್ಕು ಅಟಾಲ್‌ಗಳನ್ನು ಒಂದೇ ವಿಧಾನದಲ್ಲಿ ನೋಡಿತು. ಕಿಂಗ್‌ಮನ್‌ನಲ್ಲಿ ಮೀನಿನ ಒಟ್ಟು ತೂಕದಲ್ಲಿ ಶೇಕಡಾ 85 ಶಾರ್ಕ್‌ನಂಥ ದೊಡ್ಡ ಬೇಟೆಗಾರರದ್ದೇ. ಕಿರಿಟಿಮಾಟಿಯಲ್ಲಿ ಶೇಕಡಾ 19. ಇದು ದೊಡ್ಡ ಸುದ್ದಿಯಾಯಿತು, ಆಗಬೇಕಾದದ್ದೇ. ಆದರೆ ತಿನ್ನುವವರು ತಿನ್ನಿಸಿಕೊಳ್ಳುವವರಿಗಿಂತ ಇಷ್ಟು ಜಾಸ್ತಿ ಇದ್ದರೆ ಹೊಟ್ಟೆ ತುಂಬುವುದು ಹೇಗೆ ಅನ್ನುವ ಪ್ರಶ್ನೆ ಕಾಡುತ್ತಲೇ ಇತ್ತು.

ಒಂದು ಕಾರಣ ಎಣಿಕೆಯಲ್ಲೇ ಇತ್ತು. ಜನ ಕಾಣದ ಜಾಗದ ಶಾರ್ಕ್‌ಗೆ ಡೈವರ್ ಅಂದರೆ ಕುತೂಹಲ. ಹತ್ತಿರ ಬರುತ್ತದೆ, ಸುತ್ತು ಹಾಕುತ್ತದೆ, ಹೋಗಿ ಮತ್ತೆ ಬರುತ್ತದೆ. ಮನೆ ಮುಂದೆ ನಿಂತವನ ಸುತ್ತ ಒಂದೇ ನಾಯಿ ನಾಲ್ಕು ಸುತ್ತು ಬಂದರೆ ನಾಲ್ಕು ನಾಯಿ ಅಂತ ಬರೆದುಕೊಂಡ ಹಾಗಾಗುತ್ತದೆ. ಪಾಲ್ಮೈರಾದಲ್ಲಿ ಡಾರ್ಸಿ ಬ್ರಾಡ್ಲಿ ಅನ್ನುವ ಸಂಶೋಧಕಿ ಮತ್ತು ಜೊತೆಗಾರರು ಬೇರೆ ದಾರಿ ಹಿಡಿದರು. ವರ್ಷಗಟ್ಟಲೆ ಗ್ರೇ ರೀಫ್ ಶಾರ್ಕ್‌ಗಳನ್ನು ಹಿಡಿದು, ಗುರುತಿನ ಪಟ್ಟಿ ಹಾಕಿ, ಬಿಟ್ಟು, ಮತ್ತೆ ಹಿಡಿದಾಗ ಎಷ್ಟರಲ್ಲಿ ಹಳೆಯ ಪಟ್ಟಿ ಇದೆ ಅಂತ ನೋಡಿದರು. ಅವರ ಅಂದಾಜು ಇಡೀ ಅಟಾಲ್‌ಗೆ ಸುಮಾರು 8,300 ಶಾರ್ಕ್, ಚದರ ಕಿಲೋಮೀಟರಿಗೆ ಸುಮಾರು 21. 2017ರಲ್ಲಿ ಪ್ರಕಟವಾದ ಈ ಲೆಕ್ಕ ಕಣ್ಣಿನಿಂದ ಎಣಿಸಿದ ಹಳೆಯ ಸಾಂದ್ರತೆಗಿಂತ ತೀರಾ ಕಡಿಮೆ.

ಹಾಗಾದರೆ ಹಳೆಯ ಸಮೀಕ್ಷೆ ದಂಡವಾ? ಇಲ್ಲ. ನಾಲ್ಕೂ ಕಡೆ ಒಂದೇ ವಿಧಾನ ಇತ್ತು, ಆದ್ದರಿಂದ ಜನ ಇಲ್ಲದ ಕಡೆ ಬೇಟೆಗಾರ ಮೀನು ಬಹಳ ಜಾಸ್ತಿ ಅನ್ನುವ ಹೋಲಿಕೆ ನಿಲ್ಲುತ್ತದೆ. ಬಿದ್ದದ್ದು ಆ ದೊಡ್ಡ ಶೇಕಡಾವಾರು. ಇನ್ನೊಂದು ತಮಾಷೆ ಏನೆಂದರೆ, ಕೆಲವು ಕಡೆ ಶಾರ್ಕ್ ನಿಜವಾಗಿಯೂ ಅಷ್ಟು ಒತ್ತಾಗಿ ಇರುತ್ತವೆ. ಫ್ರೆಂಚ್ ಪಾಲಿನೀಷಿಯಾದ ಫಕರಾವಾ ಅಟಾಲ್‌ನ ದಕ್ಷಿಣದ ಕಡಲದಾರಿಯಲ್ಲಿ ಸುಮಾರು 600 ಶಾರ್ಕ್‌ಗಳು ಒಂದೇ ಕಡೆ ಸೇರಿರುತ್ತವೆ. ಅಲ್ಲಿ ಮೊಟ್ಟೆ ಇಡಲು ಸಾವಿರಾರು ಗ್ರೂಪರ್ ಮೀನುಗಳು ದೂರದಿಂದ ಬಂದು ಸೇರುತ್ತವೆ, ಶಾರ್ಕ್‌ಗಳಿಗೆ ಊಟ ಹೊರಗಿನಿಂದ ಬಂದು ಬೀಳುತ್ತದೆ. ಹಕ್ಕಿಯ ಹಿಕ್ಕೆ ಕಥೆಯ ಹಾಗೆಯೇ ಇಲ್ಲೂ ಲೆಕ್ಕ ಹೊಂದುವುದು ಹೊರಗಿನ ಆಮದನ್ನು ಸೇರಿಸಿದಾಗಲೇ.

ಕಣ್ಣಿನ ಎಣಿಕೆಯ ಕೊರತೆ ತುಂಬಲು ಬೇರೆ ಉಪಾಯಗಳಿವೆ. ಬ್ರವ್ ಅಂತ ಕರೆಯುವ, ಮುಂದೆ ಎರೆಯ ಚೀಲ ಕಟ್ಟಿದ ಕ್ಯಾಮೆರಾವನ್ನು ತಳಕ್ಕೆ ಇಳಿಸಿ ಒಂದು ಗಂಟೆಯಷ್ಟು ಬಿಡುತ್ತಾರೆ. ಡೈವರ್ ಇಲ್ಲ, ಗುಳ್ಳೆ ಶಬ್ದ ಇಲ್ಲ. ಒಂದೇ ಫ್ರೇಮಿನಲ್ಲಿ ಒಟ್ಟಿಗೆ ಕಂಡ ಗರಿಷ್ಠ ಸಂಖ್ಯೆಯನ್ನಷ್ಟೇ ಬರೆದುಕೊಳ್ಳುತ್ತಾರೆ, ಒಂದೇ ಮೀನನ್ನು ಎರಡು ಸಲ ಎಣಿಸುವ ಭಯ ಇರುವುದಿಲ್ಲ. ಗ್ಲೋಬಲ್ ಫಿನ್‌ಪ್ರಿಂಟ್ ಅನ್ನುವ ಯೋಜನೆ ಹೀಗೆ 58 ದೇಶಗಳ 371 ಹವಳದ ದಿಬ್ಬಗಳಲ್ಲಿ ಕ್ಯಾಮೆರಾ ಇಳಿಸಿತು. 2020ರ ಅವರ ವರದಿ ಪ್ರಕಾರ ಸುಮಾರು ಐದನೇ ಒಂದು ಭಾಗ ದಿಬ್ಬಗಳಲ್ಲಿ ಒಂದೇ ಒಂದು ಶಾರ್ಕ್ ಕಾಣಲಿಲ್ಲ. ಇನ್ನು ಒಂದೆರಡು ಲೀಟರ್ ನೀರು ಸೋಸಿ ಅದರಲ್ಲಿ ಉದುರಿದ ಡಿಎನ್‌ಎ ಹುಡುಕುವ ವಿಧಾನ ಇದೆ. ರಾತ್ರಿ ಮಾತ್ರ ಹೊರಬರುವ, ಬಿರುಕಿನಲ್ಲಿ ಅಡಗಿದ ಜಾತಿಗಳೂ ಸಿಗುತ್ತವೆ. ಎಷ್ಟಿವೆ, ಎಷ್ಟು ದೊಡ್ಡವು ಅನ್ನುವುದನ್ನು ಅದು ಹೇಳಲಾರದು. ಅದನ್ನೇ ಭವಿಷ್ಯ ಅಂತ ಕೆಲವರು ಹೇಳುತ್ತಾರೆ. ಟೇಪು ಮಡಚಿಡುವ ಕಾಲ ಇನ್ನೂ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹವಳ ಓಡುವುದಿಲ್ಲ, ಅದೊಂದು ಪುಣ್ಯ. ಟೇಪಿನ ಉದ್ದಕ್ಕೂ ಚೌಕದ ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಫೋಟೋ ಮೇಲೆ ಚುಕ್ಕಿಗಳನ್ನು ಚೆಲ್ಲಿ, ಪ್ರತಿ ಚುಕ್ಕಿಯ ಕೆಳಗೆ ಇರುವುದು ಜೀವಂತ ಹವಳವೋ ಪಾಚಿಯೋ ಮರಳೋ ಅಂತ ಗುರುತಿಸುತ್ತಾರೆ. ಈಗ ಅದಕ್ಕೂ ಸಾಫ್ಟ್‌ವೇರ್ ಇದೆ. ಒಟ್ಟು ಶೇಕಡಾ ಇಷ್ಟು ಜೀವಂತ ಹವಳ ಅನ್ನುವ ಒಂದು ಸಂಖ್ಯೆ ಬರುತ್ತದೆ, ಪತ್ರಿಕೆಗಳು ಅದನ್ನೇ ಎತ್ತಿ ಹಾಕುತ್ತವೆ. ಆ ಒಂದು ಸಂಖ್ಯೆಯನ್ನು ನಾನು ಜಾಸ್ತಿ ನಂಬುವುದಿಲ್ಲ. ಕವಲು ಕವಲಾದ ಅಕ್ರೊಪೋರಾ ಹವಳ ವರ್ಷಕ್ಕೆ 10 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು, ದುಂಡು ಬಂಡೆಯಂಥ ಪೊರೈಟಿಸ್ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಎರಡು ದಿಬ್ಬಗಳಲ್ಲಿ ಶೇಕಡಾವಾರು ಒಂದೇ ಇದ್ದರೂ ಒಂದರಲ್ಲಿರುವುದು ಹತ್ತು ವರ್ಷದ ಬೆಳೆ, ಇನ್ನೊಂದರಲ್ಲಿ ಮುನ್ನೂರು ವರ್ಷದ್ದು ಇರಬಹುದು. ಅದಕ್ಕೇ ಐದು ಸೆಂಟಿಮೀಟರಿಗಿಂತ ಚಿಕ್ಕ ಹವಳದ ಮರಿಗಳನ್ನು ಮಂಡಿ ಊರಿದವರ ಹಾಗೆ ತಳಕ್ಕೆ ಮುಖ ಹಚ್ಚಿ ಬೇರೆಯಾಗಿ ಎಣಿಸುತ್ತಾರೆ. ದೊಡ್ಡ ಹವಳ ಸತ್ತಿದ್ದರೂ ಮರಿಗಳು ತುಂಬ ಇದ್ದರೆ ಆ ದಿಬ್ಬಕ್ಕೆ ಇನ್ನೂ ಜೀವ ಇದೆ ಅಂತ.

ಉಪಗ್ರಹದ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಉಪಗ್ರಹ ಸಮುದ್ರದ ಮೇಲ್ಮೈ ಬಿಸಿಯನ್ನು ಚೆನ್ನಾಗಿ ಅಳೆಯುತ್ತದೆ. ಆ ಜಾಗದ ಬೇಸಿಗೆಯ ಗರಿಷ್ಠ ಸರಾಸರಿಗಿಂತ ಒಂದು ಡಿಗ್ರಿ ಮೇಲೆ ಹೋಗಿ ವಾರಗಟ್ಟಲೆ ನಿಂತರೆ ಹವಳ ತನ್ನೊಳಗೆ ಇದ್ದು ತನಗೆ ಆಹಾರ ಕೊಡುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಸಾಗರ ಮತ್ತು ಹವಾಮಾನ ನೋಡಿಕೊಳ್ಳುವ ಅಮೆರಿಕದ ನೋವಾ ಸಂಸ್ಥೆ ಎಷ್ಟು ಡಿಗ್ರಿ ಜಾಸ್ತಿ, ಎಷ್ಟು ವಾರ ನಿಂತಿತು ಅಂತ ಈ ಬಿಸಿಯನ್ನು ಕೂಡಿಸಿ ಎಚ್ಚರಿಕೆ ಕೊಡುತ್ತದೆ. ಕೂಡಿಸಿದ ಲೆಕ್ಕ 4 ದಾಟಿದರೆ ಬಿಳಿಚುವ, 8 ದಾಟಿದರೆ ಸಾಯುವ ಅಪಾಯ. 1998, 2010, 2014-17 ಮತ್ತು 2023ರಿಂದ ಶುರುವಾದದ್ದು, ಹೀಗೆ ನಾಲ್ಕು ಸಲ ಹವಳ ಜಗತ್ತಿನಾದ್ಯಂತ ಬಿಳಿಚಿದೆ. ಎಲ್ಲಿ ಅಪಾಯ ಇದೆ ಅಂತ ಉಪಗ್ರಹ ಹೇಳುತ್ತದೆ. ಅಲ್ಲಿ ಯಾವ ಜಾತಿ ಸತ್ತಿತು, ಯಾವುದು ತಾಳಿಕೊಂಡಿತು, ಹದಿನೈದು ಮೀಟರ್ ಆಳದಲ್ಲಿ ತಣ್ಣೀರು ಬಂದು ಏನಾದರೂ ಉಳಿಯಿತಾ ಅನ್ನುವುದನ್ನು ನೀರಿಗೆ ಇಳಿದೇ ನೋಡಬೇಕು. ಬಿಳಿಚಿದ ಹವಳ ಇನ್ನೂ ಸತ್ತಿರುವುದಿಲ್ಲ, ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳಬಹುದು. ಹಾಗಾಗಿ ಬಿಳಿಚಿದಾಗ ಒಂದು ಸಲ, ಕೆಲವು ತಿಂಗಳು ಬಿಟ್ಟು ಇನ್ನೊಂದು ಸಲ ಹೋಗಬೇಕು. ದೂರದ ದ್ವೀಪಗಳಿಗೆ ಎರಡನೇ ಸಲ ಹೋಗಲು ದುಡ್ಡು ಸಿಗುವುದೇ ಅಪರೂಪ, ಅದು ಬೇರೆ ವಿಷಯ.

ಎರಡು-ಮೂರು ವಾರ ಸಾಕಾ? ಅಲ್ಲಿ ಈಗ ಏನೇನು ಇದೆ ಅಂತ ಹೇಳಲು ಸಾಕು. ಯಾಕೆ ಹಾಗಿದೆ ಅಂತ ಹೇಳಲು ಬಹಳ ಸಲ ಸಾಲದು. ಹಿಂದಿನವರು ಇಷ್ಟು ಅವಸರ ಮಾಡುತ್ತಿರಲಿಲ್ಲ. 1928-29ರಲ್ಲಿ ಮಾರಿಸ್ ಯಂಗ್ ನೇತೃತ್ವದ ತಂಡ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್ ದ್ವೀಪದಲ್ಲಿ ಸುಮಾರು ಒಂದು ವರ್ಷ ಉಳಿದಿತ್ತು. ಹವಳ ಹೇಗೆ ತಿನ್ನುತ್ತದೆ, ಒಳಗಿನ ಪಾಚಿಯ ಜೊತೆ ಅದರ ಸಂಬಂಧ ಏನು, ಎಷ್ಟು ಹೂಳು ಬಿದ್ದರೆ ತಡೆಯುತ್ತದೆ ಅಂತ ಅಲ್ಲೇ ಕೂತು ಪ್ರಯೋಗ ಮಾಡಿದರು. ಜೊತೆಗೆ ದ್ವೀಪದ ಮತ್ತು ದಿಬ್ಬದ ನಕ್ಷೆಯನ್ನು ಬಹಳ ಎಚ್ಚರದಿಂದ ಬರೆದಿಟ್ಟರು. ಅದರಿಂದಾಗಿ ಆಮೇಲಿನ ದಶಕಗಳಲ್ಲಿ ಬೇರೆಯವರು ಅದೇ ಜಾಗಕ್ಕೆ ಹೋಗಿ, ಇಲ್ಲಿ ಆಗ ಹೀಗಿತ್ತು, ಈಗ ಹೀಗಿದೆ ಅಂತ ಹೇಳಲು ಸಾಧ್ಯವಾಯಿತು.

ಈಗಿನ ಚಿಕ್ಕ ಯಾತ್ರೆಗಳ ಬೆಲೆಯೂ ಅಲ್ಲೇ ಇರುವುದು. ಒಂದು ಯಾತ್ರೆ ಒಂದು ಚುಕ್ಕಿ ಅಷ್ಟೇ. ಚಾಗೋಸ್‌ನಲ್ಲಿ 1998ರ ಬಿಸಿಯಲ್ಲಿ ಹವಳ ಭಾರಿ ಪ್ರಮಾಣದಲ್ಲಿ ಸತ್ತಿತು. ತಂಡಗಳು ಮತ್ತೆ ಮತ್ತೆ ಅಲ್ಲಿಗೆ ಹೋದದ್ದರಿಂದ, ಮೀನುಗಾರಿಕೆ ಮತ್ತು ಕೊಳಕು ನೀರಿನ ಕಾಟ ಇಲ್ಲದ ಜಾಗದಲ್ಲಿ ಹತ್ತು-ಹನ್ನೆರಡು ವರ್ಷದಲ್ಲಿ ಹವಳ ಹೆಚ್ಚುಕಡಿಮೆ ವಾಪಸ್ ಬರಬಲ್ಲದು ಅಂತ ಗೊತ್ತಾಯಿತು. ಆಮೇಲೆ 2015-16 ಬಂತು, ಮತ್ತೆ ಹೊಡೆತ. ಹತ್ತು-ಹನ್ನೆರಡು ವರ್ಷ ಬಿಡುವು ಬೇಕಾದ ಜಾಗಕ್ಕೆ ಅಷ್ಟು ಬಿಡುವು ಸಿಗುತ್ತಿಲ್ಲ ಅನ್ನುವುದು ಈಗಿನ ಸಮಸ್ಯೆ. ಒಂದೇ ಸಲ ಹೋಗಿ ಬಂದಿದ್ದರೆ ಇದರಲ್ಲಿ ಒಂದೂ ತಿಳಿಯುತ್ತಿರಲಿಲ್ಲ. ಅದಕ್ಕೇ ಯಾವುದಾದರೂ ಯಾತ್ರೆಯ ವರದಿ ಕೈಗೆ ಬಂದರೆ ಎಷ್ಟು ಹೊಸ ಜಾತಿ ಸಿಕ್ಕಿತು ಅಂತ ನಾನು ಮೊದಲು ನೋಡುವುದಿಲ್ಲ. ಹಿಂದೆ ನೋಡಿದ ಜಾಗಗಳಿಗೇ ಹೋಗಿದ್ದಾರಾ, ಅದೇ ಆಳದಲ್ಲಿ, ವರ್ಷದ ಅದೇ ಕಾಲದಲ್ಲಿ ನೋಡಿದ್ದಾರಾ, ವಿಧಾನ ಬದಲಾಯಿಸಿದ್ದರೆ ಹಳೆಯದನ್ನೂ ಹೊಸದನ್ನೂ ಕೆಲವು ಕಡೆ ಒಟ್ಟಿಗೆ ಮಾಡಿ ಹೋಲಿಸಿದ್ದಾರಾ, ಇದನ್ನು ನೋಡುತ್ತೇನೆ. ಹೊಸ ಮತ್ತು ದುಬಾರಿ ಯಂತ್ರ ಸಿಕ್ಕಿತು ಅಂತ ಹಳೆಯ ವಿಧಾನ ಬಿಟ್ಟುಬಿಟ್ಟರೆ ಇಪ್ಪತ್ತು ವರ್ಷದ ಸರಣಿ ಅಲ್ಲಿಗೆ ತುಂಡಾದಂತೆ.

ದಿನಚರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ಡೈವಿಂಗ್, ಮಧ್ಯಾಹ್ನ ಡೈವಿಂಗ್, ಸಂಜೆ ಸ್ಲೇಟಿನಲ್ಲಿ ಪೆನ್ಸಿಲ್‌ನಿಂದ ಗೀಚಿದ್ದನ್ನು ಕಂಪ್ಯೂಟರಿಗೆ ಹಾಕುವುದು. ಅದನ್ನು ಅದೇ ದಿನ ಮಾಡಬೇಕು, ನಾಳೆಗೆ ಬಿಟ್ಟರೆ ನಿಮ್ಮ ಅಕ್ಷರ ನಿಮಗೇ ಓದಲು ಬರುವುದಿಲ್ಲ. ಬೇಗ ಮೇಲೆ ಬಂದಾಗ ಮೈಯೊಳಗೆ ಗಾಳಿಗುಳ್ಳೆ ಕಟ್ಟುವ ಡಿಕಂಪ್ರೆಷನ್ ಕಾಯಿಲೆ ಬಂದರೆ ಚಿಕಿತ್ಸೆಯ ಚೇಂಬರ್ ಎಷ್ಟೋ ದಿನದ ದಾರಿ, ಹಾಗಾಗಿ ಆಳ, ಸಮಯ ಎರಡರಲ್ಲೂ ನಿಯಮಕ್ಕಿಂತ ಬಿಗಿಯಾಗಿ ಇರುತ್ತಾರೆ. ಗಾಳಿ ಎದ್ದರೆ ದ್ವೀಪದ ಒಂದು ಬದಿಗೆ ದೋಣಿ ಹೋಗುವುದೇ ಇಲ್ಲ. ಆ ಬದಿಯ ಹವಳದ ಮಾಹಿತಿ ಬಹಳಷ್ಟು ಸಮೀಕ್ಷೆಗಳಲ್ಲಿ ಕಡಿಮೆ ಇರುತ್ತದೆ, ಗಮನಿಸಿ ನೋಡಿ.

ಕಾಗದಪತ್ರದ ಕೆಲಸವೂ ಇದೆ. ಗಟ್ಟಿ ಹವಳಗಳು, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಒಂದು ಬೆರಳಿನಷ್ಟು ತುಂಡನ್ನು ಗಡಿ ದಾಟಿಸಲೂ ಪರವಾನಗಿ ಬೇಕು. 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ ಇನ್ನೊಂದು ಮಾತು ಹೇಳುತ್ತದೆ: ಒಂದು ದೇಶದ ಜೀವಿಗಳ ಆನುವಂಶಿಕ ಸಂಪತ್ತಿನಿಂದ ಲಾಭ ಬಂದರೆ ಆ ದೇಶಕ್ಕೂ ಪಾಲು ಸಿಗಬೇಕು. ಕೆಲವು ಸಂಶೋಧಕರು ಇದನ್ನೆಲ್ಲ ಕಿರಿಕಿರಿ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶ್ರೀಮಂತ ದೇಶದ ತಂಡ ಬಂದು, ಮಾದರಿ ತುಂಬಿಕೊಂಡು ಹೋಗಿ, ಲೇಖನ ಬರೆದು, ದ್ವೀಪದವರ ಹೆಸರೂ ಹಾಕದೆ, ಮಾಹಿತಿಯನ್ನೂ ಕೊಡದೆ ಇರುವುದು ಬಹಳ ಕಾಲ ನಡೆದಿದೆ. ಅಲ್ಲಿನ ಮೀನುಗಾರರಿಗೆ ಯಾವ ಹುಣ್ಣಿಮೆಗೆ ಯಾವ ಮೀನು ಎಲ್ಲಿ ಸೇರುತ್ತದೆ ಅಂತ ಗೊತ್ತಿರುತ್ತದೆ, ಎರಡು ವಾರದ ಅತಿಥಿಗೆ ಅದು ಎಲ್ಲಿಂದ ಗೊತ್ತಾಗಬೇಕು? ಇನ್ನೊಂದು ಕಡೆ ನಾವೇ ಅಪಾಯ ಹೊತ್ತು ತರುವವರೂ ಹೌದು. ಬೂಟಿನ ಅಡಿಯ ಒಂದು ಬೀಜ, ಸಾಮಾನು ಪೆಟ್ಟಿಗೆಯೊಳಗಿನ ಇರುವೆ ಸಾಕು. ಪಾಲ್ಮೈರಾದಂಥ ಕಡೆ ದಡಕ್ಕೆ ಕಾಲಿಡುವ ಮೊದಲು ಬಟ್ಟೆಗಳನ್ನು ಫ್ರೀಜರ್‌ನಲ್ಲಿ ಇಡಿಸುತ್ತಾರೆ. ಇಲಿ ತೆಗೆಯಲು ಅಷ್ಟು ಕಷ್ಟಪಟ್ಟ ಮೇಲೆ ಅಷ್ಟು ಹುಷಾರಾಗಿರುವುದು ಸಹಜ ಅಲ್ವಾ.

ನೀವು ಸೇರಬಹುದಾ ಅಂದರೆ, ಖಂಡಿತ ಸೇರಬಹುದು, ಆದರೆ ಹಡಗಿನ ದೊಡ್ಡ ಯಾತ್ರೆಯಿಂದ ಶುರು ಮಾಡಬೇಡಿ. 1996ರಲ್ಲಿ ಶುರುವಾದ ರೀಫ್ ಚೆಕ್ ಸಾಮಾನ್ಯ ಡೈವರ್‌ಗಳಿಗೆ ತರಬೇತಿ ಕೊಟ್ಟು ಸರಳ ಸಮೀಕ್ಷೆ ಮಾಡಿಸುತ್ತದೆ. ಅದರಲ್ಲಿ ಎಲ್ಲ ಜಾತಿ ಗೊತ್ತಿರಬೇಕಾಗಿಲ್ಲ, ಆಯ್ದ ಕೆಲವು ಸೂಚಕ ಜೀವಿಗಳನ್ನು ಗುರುತಿಸಿದರೆ ಸಾಕು. ಟಾಸ್ಮೇನಿಯಾದಲ್ಲಿ ಶುರುವಾದ ರೀಫ್ ಲೈಫ್ ಸರ್ವೇ ಇನ್ನೂ ಕಠಿಣ. ಅಲ್ಲಿ 50 ಮೀಟರ್ ಟೇಪಿನ ಎರಡೂ ಬದಿ ಕಂಡ ಎಲ್ಲ ಜಾತಿಯ ಮೀನನ್ನೂ ಬರೆಯಬೇಕು, ಹಾಗಾಗಿ ತರಬೇತಿಯೂ ಜಾಸ್ತಿ. ಅವರ ಮಾಹಿತಿಯನ್ನು ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ಬಳಸುತ್ತಾರೆ, ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ದುಡ್ಡು ಕೊಟ್ಟು ಸೇರುವ ಯಾತ್ರೆಗಳ ಬಗ್ಗೆ ಮಾತ್ರ ಹುಷಾರಾಗಿರಿ. ಸೇರುವ ಮೊದಲು, ಹೋದ ವರ್ಷ ಸಂಗ್ರಹಿಸಿದ ಮಾಹಿತಿ ಎಲ್ಲಿ ಹೋಯಿತು, ಯಾರು ಬಳಸಿದರು ಅಂತ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಅದು ಪ್ರವಾಸ, ಸಮೀಕ್ಷೆ ಅಲ್ಲ. ಪ್ರವಾಸ ಅಂತಲೇ ಹೋಗುವುದಾದರೆ ತೊಂದರೆಯಿಲ್ಲ.

ಎಲ್ಲಕ್ಕಿಂತ ಮೊದಲು ನೀರಿನಲ್ಲಿ ನಿಮ್ಮ ತೇಲುವಿಕೆಯ ಮೇಲೆ ಹಿಡಿತ ಬರಲಿ. ಒಂದು ಕೈಯಲ್ಲಿ ಸ್ಲೇಟು, ಇನ್ನೊಂದರಲ್ಲಿ ಪೆನ್ಸಿಲ್ ಹಿಡಿದು, ತಳದಿಂದ ಒಂದು ಮೀಟರ್ ಮೇಲೆ, ಏನನ್ನೂ ಮುಟ್ಟದೆ, ಫಿನ್ ತಗುಲಿಸಿ ಹವಳ ಮುರಿಯದೆ ಹತ್ತು ನಿಮಿಷ ನಿಧಾನವಾಗಿ ಸಾಗಲು ಬಂದರೆ ನೀವು ತರಬೇತಿಗೆ ತಯಾರು. ಮೀನಿನ ಹೆಸರುಗಳನ್ನು ಆಮೇಲೆ ಕಲಿಯಬಹುದು.